ಹೆಸರಿಗೊಂದು ಬಾಲ: ರೀಗಾದಲ್ಲಿ ಏಳು ದಿನ

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾದ ಅರ್ಜಿಯಲ್ಲಿ ಮೊದಲ ಪ್ರಶ್ನೆಯೇ ಸರ್‌ನೇಮ್. ನನಗೆ ಅದು ಇಲ್ಲ.

ಕುಂದಾಪುರದ ಶಾಲೆಯಲ್ಲಿ ಊರಿಗೊಂದು, ಅಪ್ಪನಿಗೊಂದು ಅಂತ ನನಗೆ ಎರಡು ಇನಿಶಿಯಲ್ ಇದ್ದವು. ಬ್ಯಾಂಕಿಗೆ, ರೇಷನ್ ಕಾರ್ಡಿಗೆ, ಮದುವೆ ಕಾಗದಕ್ಕೆ ಅಷ್ಟು ಸಾಕಾಗಿತ್ತು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆಯಿರಿ ಎಂದರು. ಆವತ್ತು ಸೋಮಾರಿತನ ಮಾಡಿದೆ. ಒಂಟಿ ಹೆಸರು ಉಳಿಯಿತು. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇದೆ, ಅದು ನನ್ನ ಹೆಸರು. ಅಂದರೆ ನನಗೇ ಇಲ್ಲದ ಮನೆತನಕ್ಕೆ ಅವಳು ಸೊಸೆ.

ಮಗಳು ರೀಗಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಎರಡು ವರ್ಷದಿಂದ ಬನ್ನಿ ಬನ್ನಿ ಎನ್ನುತ್ತಿದ್ದಳು. 2024ರ ಜೂನ್ ಎಂದು ಕೊನೆಗೂ ಗೊತ್ತು ಮಾಡಿದೆವು. ರೀಗಾ ಲಾಟ್ವಿಯಾದ ರಾಜಧಾನಿ. ಮೇಲೆ ಎಸ್ಟೋನಿಯಾ, ಕೆಳಗೆ ಲಿಥುವೇನಿಯಾ. ಇಷ್ಟನ್ನು ನೆಂಟರಿಗೆ ಹೇಳಿ ಹೇಳಿ ಸಾಕಾಯಿತು. ಒಬ್ಬರಂತೂ ಹೊರಡುವ ದಿನದವರೆಗೂ "ಲಿಥುವೇನಿಯಾಕ್ಕೆ ಯಾವಾಗ ಹೊರಡೋದು" ಎಂದೇ ಕೇಳುತ್ತಿದ್ದರು.

ಭಾರತದಿಂದ ರೀಗಾಕ್ಕೆ ನೇರ ವಿಮಾನ ಇಲ್ಲ. ಎಲ್ಲಾದರೂ ಒಂದು ಕಡೆ ಇಳಿದು ಹತ್ತಲೇಬೇಕು. ಎರಡು ಬೇರೆ ಬೇರೆ ಟಿಕೆಟ್ ಮಾಡಿದರೆ ಸ್ವಲ್ಪ ಅಗ್ಗ ಆಗುತ್ತಿತ್ತು. ಆದರೆ ಮೊದಲ ವಿಮಾನ ತಡವಾದರೆ ಎರಡನೆಯದರ ದುಡ್ಡು ಹೋದ ಹಾಗೇ, ನಡುವೆ ಲಗೇಜನ್ನೂ ನಾವೇ ಇಳಿಸಿಕೊಂಡು ಮತ್ತೆ ಹಾಕಬೇಕು. ಬೆಂಗಳೂರು–ಫ್ರಾಂಕ್‌ಫರ್ಟ್–ರೀಗಾ ಎಂದು ಒಂದೇ ಟಿಕೆಟ್ ಮಾಡಿದೆ. ನಡುವೆ ಒಂದೂಕಾಲು ಗಂಟೆ ಬಿಡುವಿರುವ ವಿಮಾನವನ್ನು ಬಿಟ್ಟು, ಮೂರೂವರೆ ಗಂಟೆಯದನ್ನು ಹಿಡಿದೆ. ಯಾಕೆಂದರೆ ಷೆಂಗೆನ್ ದೇಶಗಳಿಗೆಲ್ಲ ಸೇರಿ ಇಮಿಗ್ರೇಷನ್ ಒಂದೇ ಸಲ, ಅದೂ ಮೊದಲು ಇಳಿಯುವ ಕಡೆ. ಆ ಸಾಲು ಎಷ್ಟುದ್ದ ಇರುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಅದು ದಾಟಿದ ಮೇಲೆ ಫ್ರಾಂಕ್‌ಫರ್ಟಿನಿಂದ ರೀಗಾಕ್ಕೆ ಹೋಗುವುದು ಬೆಂಗಳೂರಿನಿಂದ ದೆಹಲಿಗೆ ಹೋದ ಹಾಗೆ.

ವೀಸಾ ಮಾತ್ರ ಜರ್ಮನಿಯದಲ್ಲ, ಲಾಟ್ವಿಯಾದ್ದು. ಎಲ್ಲಿ ಜಾಸ್ತಿ ದಿನ ಇರುತ್ತೇವೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ನಾವು ಅರ್ಜಿ ಹಾಕಿದಾಗ ವೀಸಾ ಶುಲ್ಕ 80 ಯೂರೋ ಇತ್ತು, ಜೂನ್ 11ರಿಂದ ಅದು 90 ಆಯಿತು. ನಮಗೆ ತಲೆಗೆ ಹತ್ತು ಯೂರೋ ಉಳಿಯಿತು ಎಂದು ನಾನು ಹಿಗ್ಗಿದೆ. ಆ ಉಳಿತಾಯವನ್ನು ಫೋಟೋ ನುಂಗಿತು. ಒಬ್ಬರು ಬಿಳಿ ಹಿನ್ನೆಲೆ ಸರಿಯಿಲ್ಲ ಎಂದರು, ಇನ್ನೊಬ್ಬರು ಕಿವಿ ಕಾಣುತ್ತಿಲ್ಲ ಎಂದರು. ಮೂರು ಸಲ ತೆಗೆಸಿದೆವು.

ಟಿಕೆಟ್ ಮಾಡುವ ಜಾಲತಾಣಕ್ಕೂ ಸರ್‌ನೇಮ್ ಬೇಕು. ಖಾಲಿ ಬಿಟ್ಟರೆ ಕೆಂಪು ಬಣ್ಣ. ಒಂದು ಚುಕ್ಕಿ ಇಟ್ಟರೂ ಕೆಂಪು. ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿ, "ಎರಡೂ ಕಡೆ ಅದೇ ಹೆಸರು ಹಾಕಿ ಸರ್" ಎಂದರು. ಹಾಕಿದೆ. ಟಿಕೆಟ್ಟಿನಲ್ಲಿ ನನ್ನ ಹೆಸರು ಎರಡೆರಡು ಸಲ ಬಂತು, ದೂರ ಹೋಗುತ್ತಿರುವವನನ್ನು ಯಾರೋ ಕೂಗಿ ಕರೆದ ಹಾಗೆ.

ಪ್ಯಾಕಿಂಗಿನಲ್ಲಿ ಜಗಳ ಆಗಿದ್ದು ತುಪ್ಪದ ವಿಷಯಕ್ಕೆ. ಹಾಲಿನ, ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಬರುವ ಪ್ರಯಾಣಿಕರು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಮಗಳಿಗೆಂದು ಕಾಸಿಟ್ಟ ತುಪ್ಪದ ಬಾಟಲಿ ಚೀಲದಿಂದ ಹೊರಗೆ ಬಂತು. ಒಣ ಸಿಗಡಿ ಚಟ್ನಿಯನ್ನು ನಾನೇ ತೆಗೆಸಿದೆ. ಕಾನೂನಿಗೆ ಹೆದರಿ ಅಲ್ಲ, ವಾಸನೆಗೆ ಹೆದರಿ. ಗೊಜ್ಜವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಉಳಿದವು.

ಜೂನ್ 13, ಗುರುವಾರ

ಬೆಳಗಿನ ಜಾವ ಮೂರರ ಸುಮಾರಿಗೆ ವಿಮಾನ ಏರಿತು. ಕೌಂಟರಿನ ಹುಡುಗಿ ಟಿಕೆಟ್ಟನ್ನೂ ಪಾಸ್‌ಪೋರ್ಟನ್ನೂ ಎರಡು ಸಲ ನೋಡಿದಳು. "ಸೌತ್ ಕೇಸ್" ಎಂದು ಪಕ್ಕದವಳಿಗೆ ಹೇಳಿ ನಕ್ಕು ಬೋರ್ಡಿಂಗ್ ಪಾಸ್ ಕೊಟ್ಟಳು. ಫ್ರಾಂಕ್‌ಫರ್ಟಿಗೆ ಹತ್ತು ಗಂಟೆಯ ಹಾದಿ. ನಾನು ಮಲಗಿದೆ, ಹೆಂಡತಿ ಮಲಗಲಿಲ್ಲ. ಇಮಿಗ್ರೇಷನ್ ಸಾಲಿನಲ್ಲಿ ಒಂದೂವರೆ ಗಂಟೆ ಹೋಯಿತು. ಮೂರೂವರೆ ಗಂಟೆ ಬಿಡುವು ಇಟ್ಟುಕೊಂಡಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬೇರೆ ಯಾರೂ ತಟ್ಟಲಿಲ್ಲ.

ರೀಗಾದ ಮೇಲೆ ವಿಮಾನ ಇಳಿಯುವಾಗ ಕೆಳಗೆ ಬರೀ ಕಾಡು. ದೇಶದ ಅರ್ಧಕ್ಕಿಂತ ಜಾಸ್ತಿ ಕಾಡೇ ಇದೆ. ಆದರೆ ಗುಡ್ಡ ಅಂತ ಒಂದಿಲ್ಲ. ಅಂಗಳಕ್ಕೆ ಸಗಣಿ ಸಾರಿಸಿದ ಹಾಗೆ ಚಪ್ಪಟೆ. ಇಡೀ ಲಾಟ್ವಿಯಾದಲ್ಲಿ ಅತಿ ಎತ್ತರದ ಜಾಗ ಗೈಜಿನ್‌ಕಾಲ್ನ್ಸ್, 312 ಮೀಟರ್. ಕೊಡಚಾದ್ರಿಯ ಕಾಲು ಭಾಗಕ್ಕೂ ಬರಲಿಲ್ಲ.

ಮಗಳು ನಿಲ್ದಾಣಕ್ಕೆ ಬಂದಿದ್ದಳು. ಊರೊಳಕ್ಕೆ 22ನೇ ನಂಬರಿನ ಬಸ್ಸು. ಸುಮಾರು ಹತ್ತು ಕಿಲೋಮೀಟರ್, ಅರ್ಧ ಗಂಟೆ. ಬಸ್ಸಿನಲ್ಲಿ ಕೂತು ಬೋರ್ಡು ಓದುತ್ತಾ ಬಂದೆ. ಔತೊಬುಸ್ಸ್. ಸೆಂಟ್ರ್ಸ್. ಪಾರ್ಕ್ಸ್. ತಿಯಾತ್ರಿಸ್. ಎಲ್ಲ ಗೊತ್ತಿರುವ ಪದವೇ, ಹಿಂದೆ ಒಂದು ಸಕಾರ. "ಇದೇನು, ಎಲ್ಲದಕ್ಕೂ ಬಾಲ?" ಎಂದೆ. ಲಾಟ್ವಿಯನ್ ಭಾಷೆಯಲ್ಲಿ ಗಂಡು ನಾಮಪದ ಹಾಗೇ ಮುಗಿಯಬೇಕಂತೆ. ಹೊರಗಿನ ಪದ ಬಂದರೂ ಸುಮ್ನೆ ಬಿಡುವುದಿಲ್ಲ, ಒಂದು 'ಸ್' ಅಂಟಿಸುತ್ತಾರೆ. ನಾವು ಬಸ್ಸನ್ನು ಬಸ್ಸು, ಕಾರನ್ನು ಕಾರು, ಲೈಟನ್ನು ಲೈಟು ಮಾಡಿಕೊಂಡ ಹಾಗೆ. ನಮ್ಮದು ಉಕಾರ, ಅವರದು ಸಕಾರ. ಒಂದು ದೇಶದ ಬಗ್ಗೆ ಮೊದಲ ಅರ್ಧ ಗಂಟೆಯಲ್ಲಿ ಇಷ್ಟು ಗೊತ್ತಾದರೆ ಪರದೇಶ ಅನ್ನಿಸುವುದಿಲ್ಲ.

ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ನೋಡಿದರೆ ಹೊರಗೆ ನಮ್ಮ ಐದು ಗಂಟೆಯ ಬಿಸಿಲು. ಜೂನ್ ಮಧ್ಯದಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತೂಕಾಲು ದಾಟಿದ ಮೇಲೆ, ಹುಟ್ಟುವುದು ನಾಲ್ಕೂವರೆಗೆ. ಹೆಂಡತಿ ಮಗಳ ಪುಟ್ಟ ದೇವರ ಫೋಟೋದ ಮುಂದೆ ದೀಪ ಇಟ್ಟುಕೊಂಡು ಕೂತಿದ್ದಳು. "ಮುಸ್ಸಂಜೆ ಆಗೋದು ಯಾವಾಗ? ನನಗೆ ನಿದ್ದೆ ಬರ್ತಿದೆ" ಎಂದಳು. ಕುಂದಾಪುರದ ಟೈಮಿನ ಲೆಕ್ಕದಲ್ಲಿ ಹಚ್ಚಿ ಮಲಗಿದಳು. ಅಲ್ಲಿ ಆಗ ಸರಿರಾತ್ರಿ ಆಗಿಹೋಗಿತ್ತು ಎಂದು ನಾನು ಹೇಳಲಿಲ್ಲ.

ಜೂನ್ 14, ಶುಕ್ರವಾರ

ಬೆಳಗ್ಗೆ ಬೀದಿಗಿಳಿದರೆ ಪ್ರತಿ ಕಟ್ಟಡದ ಮೇಲೂ ಬಾವುಟ. ಕಡು ಕೆಂಪು, ನಡುವೆ ಬಿಳಿ ಪಟ್ಟಿ. ಹಬ್ಬ ಇರಬೇಕು ಎಂದುಕೊಂಡೆ. ಹತ್ತಿರ ಹೋದಾಗ ಕಂಬದ ತುದಿಯಲ್ಲಿ ಕಪ್ಪು ರಿಬ್ಬನ್ ಕಾಣಿಸಿತು.

1941ರ ಜೂನ್ 13–14ರ ರಾತ್ರಿ ಸೋವಿಯತ್ ಪೊಲೀಸರು ಮನೆ ಮನೆಯ ಬಾಗಿಲು ಬಡಿದು ಲಾಟ್ವಿಯಾದ 15 ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿ, ದನ ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾದ ಕಡೆ ಕಳಿಸಿದರು. ಕೂಸುಗಳೂ ಇದ್ದವು, ಮುದುಕರೂ ಇದ್ದರು. ಗಂಡಸರನ್ನು ದಾರಿಯಲ್ಲೇ ಬೇರೆ ಮಾಡಿದರು. 1949ರ ಮಾರ್ಚಿನಲ್ಲಿ ಮತ್ತೊಂದು ಸುತ್ತು ಆಯಿತು, ಆಗ ನಲವತ್ತು ಸಾವಿರ ದಾಟಿತು. ಇಡೀ ದೇಶದ ಜನಸಂಖ್ಯೆ ಇವತ್ತಿಗೂ ಇಪ್ಪತ್ತು ಲಕ್ಷ ಮುಟ್ಟುವುದಿಲ್ಲ. ಅಂದ ಮೇಲೆ ಯಾರ ಮನೆಯನ್ನೂ ಅದು ಬಿಟ್ಟಿರಲಾರದು.

ಸ್ವಾತಂತ್ರ್ಯ ಸ್ಮಾರಕದ ಬಳಿ ಜನ ಹೂವು ಹಿಡಿದು ನಿಂತಿದ್ದರು. 42 ಮೀಟರ್ ಎತ್ತರ, ತುದಿಯಲ್ಲಿ ಮೂರು ನಕ್ಷತ್ರ ಎತ್ತಿ ಹಿಡಿದ ಹೆಣ್ಣು. ಊರಿನವರು ಅವಳನ್ನು ಮಿಲ್ದಾ ಎನ್ನುತ್ತಾರೆ. 1935ರಲ್ಲಿ ನಿಲ್ಲಿಸಿದ್ದು. ಸೋವಿಯತ್ ಕಾಲದಲ್ಲಿ ಇದಕ್ಕೆ ಟ್ರಾವೆಲ್ ಏಜೆನ್ಸಿ ಎಂದು ಗುಟ್ಟಾಗಿ ಹೆಸರಿಟ್ಟಿದ್ದರಂತೆ. ಕಾಲಬುಡದಲ್ಲಿ ಹೂವಿಟ್ಟರೆ ಸೈಬೀರಿಯಾಕ್ಕೆ ಒನ್ ವೇ ಟಿಕೆಟ್ ಖಾತ್ರಿ. 1987ರ ಇದೇ ಜೂನ್ 14ರಂದು ಒಂದು ಸಣ್ಣ ಗುಂಪು ಬಹಿರಂಗವಾಗಿ ಬಂದು ಹೂವಿಟ್ಟಿತು. ನಾಲ್ಕು ವರ್ಷದಲ್ಲಿ ದೇಶ ಸ್ವತಂತ್ರವಾಯಿತು.

ಒಬ್ಬ ಅಜ್ಜಿ ಬಂದರು. ಕೈಯಲ್ಲಿ ಅಂಗಡಿಯ ಹೂವಲ್ಲ, ಹಿತ್ತಲಿಂದ ಕೊಯ್ದ ಬಿಳಿ ಡೇಸಿ, ಕಾಂಡಕ್ಕೆ ಒದ್ದೆ ಪೇಪರ್ ಸುತ್ತಿತ್ತು. ಬಗ್ಗಲು ಆಗಲಿಲ್ಲ. ಪಕ್ಕದಲ್ಲಿದ್ದ ಹುಡುಗ ಕೈ ಚಾಚಿದ, ಅವರು ಕೊಡಲಿಲ್ಲ. ಅವನ ಭುಜ ಹಿಡಿದುಕೊಂಡು ತಾವೇ ನಿಧಾನಕ್ಕೆ ಬಗ್ಗಿ ಇಟ್ಟರು. ಒದ್ದೆ ಪೇಪರನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು. ಹೆಂಡತಿ ಅವರು ತಿರುವು ದಾಟುವವರೆಗೂ ನೋಡುತ್ತಿದ್ದಳು.

ಮಧ್ಯಾಹ್ನ ಕಾಫಿ ಅಂಗಡಿಯಲ್ಲಿ ಹೆಸರು ಕೇಳಿದರು. ಹೇಳಿದೆ. ಕಪ್ಪಿನ ಮೇಲೆ ನನ್ನ ಹೆಸರು, ಕೊನೆಗೆ ಒಂದು 'ಸ್'. ಜೀವನದಲ್ಲಿ ಮೊದಲ ಸಲ ನನ್ನ ಹೆಸರಿಗೆ ಏನೋ ಸೇರಿತ್ತು. ಪಕ್ಕದ ಪುಸ್ತಕದಂಗಡಿಯ ಕಿಟಕಿಯಲ್ಲಿ ಶೇಕ್ಸ್‌ಪಿಯರ್ ಕೂಡ 'ವಿಲ್ಯಮ್ಸ್ ಶೆಕ್ಸ್‌ಪೀರ್ಸ್' ಆಗಿ ಕೂತಿದ್ದರು. ಅವರನ್ನೇ ಬಿಡದವರು ನನ್ನನ್ನು ಬಿಡುತ್ತಾರಾ?

ಜೂನ್ 15, ಶನಿವಾರ

ಊರು ನೋಡಬೇಕಾದರೆ ಮೊದಲು ಅದರ ಮಾರುಕಟ್ಟೆಗೆ ಹೋಗಬೇಕು, ಇದು ನನ್ನ ಹಠ. ರೀಗಾದ ಸೆಂಟ್ರಲ್ ಮಾರುಕಟ್ಟೆ ರೈಲು ನಿಲ್ದಾಣದ ಹಿಂದೆಯೇ ಇದೆ. ದೂರದಿಂದ ನೋಡಿದರೆ ಐದು ದೊಡ್ಡ ಪೀಪಾಯಿಗಳನ್ನು ಅರ್ಧ ಸೀಳಿ ಬೋರಲು ಹಾಕಿದ ಹಾಗೆ ಕಾಣುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ತನ್ನ ಜೆಪ್ಪೆಲಿನ್ ಗಾಳಿಹಡಗುಗಳನ್ನು ನಿಲ್ಲಿಸಲು ವೈನ್ಯೊಡೆ ಎಂಬಲ್ಲಿ ದೊಡ್ಡ ಶೆಡ್ಡುಗಳನ್ನು ಕಟ್ಟಿತ್ತು. ಯುದ್ಧ ಮುಗಿಯಿತು, ಶೆಡ್ಡು ಉಳಿಯಿತು. ರೀಗಾದವರು ಅವುಗಳ ಮೇಲ್ಭಾಗದ ಕಬ್ಬಿಣದ ಚೌಕಟ್ಟನ್ನು ತಂದು ಮಾರುಕಟ್ಟೆಗೆ ಮಾಡು ಮಾಡಿಕೊಂಡರು. 1924ರಲ್ಲಿ ಶುರುವಾದ ಕೆಲಸ 1930ಕ್ಕೆ ಮುಗಿಯಿತು. ಬಾಂಬು ಹಾಕುವ ಹಡಗಿನ ಮನೆಯಲ್ಲಿ ಈಗ ಮೊಸರು ಮಾರುತ್ತಾರೆ.

ಮಾಂಸಕ್ಕೊಂದು, ಹಾಲಿಗೊಂದು, ತರಕಾರಿಗೊಂದು, ಮೀನಿಗೊಂದು ಹೀಗೆ ಒಂದೊಂದು ಮಂಟಪ. ನಾನು ಸೀದಾ ಮೀನಿಗೆ ಹೋದೆ. ಯಾಕೆ ಅಂದರೆ ಊರಲ್ಲಿ ಈಗ ಮೀನಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಮಳೆಗಾಲ ಪೂರ್ತಿ ಒಣ ಮೀನೇ ಗತಿ. ಇಲ್ಲಿ ನೋಡಿದರೆ ಹೊಗೆ ಹಾಕಿದ ಮೀನು ರಾಶಿ ರಾಶಿ, ಹಳೆ ತಾಮ್ರದ ಬಣ್ಣಕ್ಕೆ ತಿರುಗಿ ಹೊಳೆಯುತ್ತಿದ್ದವು. ಸ್ಪ್ರಾಟ್ ಎಂಬ ಕಿರುಬೆರಳಿನಷ್ಟು ಮೀನಿದೆ. ನಮ್ಮ ಬೂತಾಯಿಯ ಸೋದರ ಸಂಬಂಧಿ ಅನ್ನಬಹುದು. ಇನ್ನೂರು ಗ್ರಾಂ ಕೊಂಡು ಅಲ್ಲೇ ನಿಂತು, ಜೀರಿಗೆಯಂಥ ಕಾಳು ಹಾಕಿದ ಕಪ್ಪು ರೈ ಬ್ರೆಡ್ಡಿನ ಜೊತೆ ತಿಂದೆವು. ತಲೆ, ಬಾಲ, ಮುಳ್ಳು ಎಲ್ಲ ಸೇರಿ. ಖಾರ ಇಲ್ಲ, ಹುಳಿ ಇಲ್ಲ, ಬರೀ ಉಪ್ಪು ಮತ್ತು ಹೊಗೆ. ಹೆಂಡತಿ ಚೀಲದಿಂದ ಉಪ್ಪಿನಕಾಯಿ ಡಬ್ಬಿ ತೆಗೆದಳು. ಮಾರುವಾಕೆ ಒಂದು ಚೂರು ಕೇಳಿ ತಿಂದು, ಕಣ್ಣು ಒರೆಸಿಕೊಂಡು, ಮತ್ತೊಂದು ಚೂರು ಕೇಳಿದಳು.

ಹೊಗೆಗೆ ಲಾಟ್ವಿಯನ್ ಪದ ಏನು ಎಂದು ಮಗಳನ್ನು ಕೇಳಿದೆ. "ದೂಮಿ" ಎಂದಳು. ಧೂಮ! ಜೇನಿನ ಅಂಗಡಿಯ ಮುಂದೆ ನಿಂತೆವು. "ಮೆದುಸ್". ಮಧು. ದಿನಕ್ಕೆ ದಿಯೆನ, ಎರಡಕ್ಕೆ ದಿವಿ, ಮೂರಕ್ಕೆ ತ್ರೀಸ್, ದೇವರಿಗೆ ದಿಯೆವ್ಸ್. ಸಂಸ್ಕೃತ, ಲಾಟ್ವಿಯನ್ ಎರಡೂ ಒಂದೇ ದೊಡ್ಡ ಕುಟುಂಬದವು, ಬಾಲ್ಟಿಕ್ ಭಾಷೆಗಳು ಹಳೆಯ ರೂಪಗಳನ್ನು ಜೋಪಾನವಾಗಿ ಇಟ್ಟುಕೊಂಡಿವೆ. ಕನ್ನಡ ಆ ಕುಟುಂಬದ್ದಲ್ಲ, ಸಂಸ್ಕೃತದಿಂದ ಸಾಲ ತಂದಿದ್ದರಿಂದ ನಮಗೆ ಇವು ಪರಿಚಯ. ಬಾಡಿಗೆದಾರನಿಗೂ ಮನೆಯ ನೆಂಟರು ಗೊತ್ತಿರುತ್ತಾರಲ್ಲ, ಹಾಗೆ. ಗಂಡನಿಗೆ "ವೀರ್ಸ್" ಎನ್ನುತ್ತಾರೆ ಎಂದು ಮಗಳು ಹೇಳಿದಳು. ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ "ವೀರ!" ಎಂದಳು. ಉಳಿದ ದಿನ ಪೂರ್ತಿ ಅದೇ ಹೆಸರು.

ಮಧ್ಯಾಹ್ನಕ್ಕೆ ಆವುಕ್ಸ್ತಾ ಜುಪ, ಅಂದರೆ ತಣ್ಣನೆ ಸೂಪು. ಬಟ್ಟಲು ಮುಂದಿಟ್ಟಾಗ ಗುಲಾಬಿ ಬಣ್ಣ ನೋಡಿ ಐಸ್‌ಕ್ರೀಮ್ ಅಂದುಕೊಂಡೆ. ಕೆಫೀರ್ ಎಂಬ ಹುಳಿ ಮಜ್ಜಿಗೆಯಲ್ಲಿ ಬೀಟ್‌ರೂಟ್, ಸೌತೆಕಾಯಿ, ಬೆಂದ ಮೊಟ್ಟೆ, ಮೇಲೆ ಸಬ್ಬಸಿಗೆ. ಒಂದು ಚಮಚ ಬಾಯಿಗಿಟ್ಟ ಹೆಂಡತಿ "ತಂಬುಳಿ ಕಣ್ರೀ ಇದು" ಎಂದಳು. ತಂಬುಳಿಯೇ. ಒಗ್ಗರಣೆ ಮರೆತಿದ್ದರು ಅಷ್ಟೇ. ಸಬ್ಬಸಿಗೆಯನ್ನಂತೂ ಇವರು ಆಲೂಗಡ್ಡೆಗೆ, ಮೀನಿಗೆ, ಸೂಪಿಗೆ ಎಲ್ಲದಕ್ಕೂ ಉದುರಿಸುತ್ತಾರೆ, ನಾವು ಕೊತ್ತಂಬರಿ ಉದುರಿಸುವ ಹಾಗೆ.

ಮಾರುಕಟ್ಟೆಯಿಂದ ಸ್ವಲ್ಪ ದೂರದಲ್ಲಿ ಮುರಿದ ಗೋಡೆಗಳ ಒಂದು ಜಾಗವಿದೆ. ಯಹೂದಿಗಳ ದೊಡ್ಡ ಪ್ರಾರ್ಥನಾ ಮಂದಿರ ಇದ್ದದ್ದು ಅಲ್ಲಿ. ನಾಜಿಗಳು ಊರಿಗೆ ಬಂದ ಕೆಲವೇ ದಿನದಲ್ಲಿ, 1941ರ ಜುಲೈ 4ರಂದು, ಅದನ್ನು ಸುಟ್ಟುಹಾಕಿದರು. ಒಂದೇ ಬೇಸಿಗೆ, ಜೂನಿನಲ್ಲಿ ಒಬ್ಬರು, ಜುಲೈನಲ್ಲಿ ಇನ್ನೊಬ್ಬರು. ಊಟದ ಮಾತು ಅಲ್ಲಿಗೆ ನಿಂತಿತು.

ಜೂನ್ 16, ಭಾನುವಾರ

ಕಡಲ ತೀರದ ಊರು ಯೂರ್ಮಲಕ್ಕೆ ರೈಲು. ಮಯೋರಿ ನಿಲ್ದಾಣಕ್ಕೆ ಅರ್ಧ ಗಂಟೆ. ರೀಗಾ ನಿಲ್ದಾಣದ ತುಂಬ ಕ್ರೇನುಗಳು, ಮಣ್ಣು. ಎಸ್ಟೋನಿಯಾದ ತಾಲಿನ್‌ನಿಂದ ಪೋಲೆಂಡಿನ ಕಡೆಗೆ ರೈಲ್ ಬಾಲ್ಟಿಕಾ ಎಂಬ ಹೊಸ ಹಳಿ ಬರುತ್ತಿದೆ. ಈಗಿರುವುದು ರಷ್ಯಾದವರ ಕಾಲದ 1520 ಮಿಲಿಮೀಟರ್ ಅಗಲದ ಹಳಿ, ಬರುವುದು ಯುರೋಪಿನ 1435ರದು. ಎಂಬತ್ತೈದು ಮಿಲಿಮೀಟರ್ ಪಕ್ಕಕ್ಕೆ ಸರಿಯಲು ಇಷ್ಟು ಕಾಲ ಬೇಕಾಯಿತು.

ಕಡಲು ಅಂದರೆ ನನಗೆ ಒಂದು ಕಲ್ಪನೆ ಇದೆ. ಜೂನ್ ತಿಂಗಳು ಅಂದರೆ ಮರವಂತೆಯಲ್ಲಿ ಅಲೆ ಹೆದ್ದಾರಿಯ ಪಕ್ಕದ ಕಲ್ಲಿಗೆ ಬಡಿದು ಬಸ್ಸಿನ ಗಾಜಿಗೆ ಸಿಡಿಯಬೇಕು. ಇಲ್ಲಿ ಪೈನ್ ಮರಗಳ ನಡುವೆ ನಡೆದು ಹೊರಗೆ ಬಂದರೆ ಬಿಳಿ ಮರಳು, ಅದರಾಚೆ ಕೆರೆಯಂಥದ್ದು ಒಂದು. ಅಲೆ ಇಲ್ಲ. ಭರತ ಇಳಿತವೂ ಇಲ್ಲದ ಹಾಗೇ, ಬಾಲ್ಟಿಕ್‌ನಲ್ಲಿ ಅದು ಬೆರಳಗಲ. ಪ್ಯಾಂಟು ಮಡಚಿ ಇಳಿದೆ. ನೂರು ಹೆಜ್ಜೆ ನಡೆದೆ, ನೀರು ಇನ್ನೂ ಮೊಣಕಾಲಿಗೆ ಬಂದಿಲ್ಲ. ಪಾದ ಮಾತ್ರ ಮರಗಟ್ಟಿತು.

ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡೆ. ಮಗಳು "ಅಪ್ಪಾ!" ಎಂದು ಕಿರುಚಿದಳು. ಉಪ್ಪೇ ಇಲ್ಲ. ಉಪ್ಪು ಹಾಕಲು ಮರೆತು, ಆಮೇಲೆ ಒಂದು ಚಿಟಿಕೆ ಉದುರಿಸಿದ ಸಾರಿನ ಹಾಗೆ. ಬಾಲ್ಟಿಕ್ ಸುತ್ತಲೂ ನೆಲ ಇರುವ ಕಡಲು. ನೂರಾರು ನದಿ ಬಂದು ಸುರಿಯುತ್ತವೆ, ಚಳಿಗೆ ನೀರು ಅಷ್ಟಾಗಿ ಆವಿಯಾಗುವುದಿಲ್ಲ, ಅಟ್ಲಾಂಟಿಕ್ ಜೊತೆ ಸಂಪರ್ಕ ಡೆನ್ಮಾರ್ಕಿನ ಬಳಿಯ ಕಿರಿದಾದ ಬಾಯಿಯಿಂದ ಮಾತ್ರ. ರೀಗಾ ಕೊಲ್ಲಿಯಲ್ಲಿ ಉಪ್ಪಿನಂಶ ಸಾವಿರಕ್ಕೆ ಐದಾರು ಪಾಲು, ನಮ್ಮ ಅರಬ್ಬಿ ಸಮುದ್ರದ್ದು ಮೂವತ್ತೈದರ ಆಸುಪಾಸು. ಇದೆಲ್ಲ ಕಾರಣ ಸರಿ. ಆದರೂ ಕಡಲಿಗೆ ಉಪ್ಪಿಲ್ಲ ಎನ್ನುವುದು ನನ್ನಂಥವನಿಗೆ ಒಂಥರಾ ಅವಮಾನ.

ಜೂನ್ 17, ಸೋಮವಾರ

ಇಡೀ ದಿನ ಮಳೆ. ಸಿಗುಲ್ದಾಕ್ಕೆ ಹೋಗಿ ತುರೈದಾ ಕೋಟೆ ನೋಡುವುದಿತ್ತು, ಬಿಟ್ಟೆವು. ಮಳೆ ಅಂದರೂ ಜರಡಿಯಲ್ಲಿ ಬಿದ್ದ ಹಾಗೆ, ನಮ್ಮೂರಲ್ಲಿ ಇದಕ್ಕೆ ಕೊಡೆ ಬಿಚ್ಚುವುದಿಲ್ಲ. ಹೆಂಡತಿ ಬಟ್ಟೆ ಒಗೆದಳು, ನಾನು ಗೊಜ್ಜವಲಕ್ಕಿ ಕಲಸಿದೆ.

ಜೂನ್ 18, ಮಂಗಳವಾರ

ಮಗಳ ಕ್ಯಾಂಪಸ್ಸು ಕೀಪ್ಸಲ ಎಂಬ ದ್ವೀಪದಲ್ಲಿದೆ. ಅದರ ಆಚೆ ತುದಿಗೆ, ಹಳೆಯ ಮೀನುಗಾರರ ಮರದ ಮನೆಗಳ ನಡುವೆ, ಕಪ್ಪು ಹಲಗೆಯ ಒಂದು ಕಟ್ಟಡ. ಬೋರಲು ಹಾಕಿದ ದೋಣಿಯ ಹಾಗಿದೆ. ಜಾನಿಸ್ ಲಿಪ್ಕೆ ಸ್ಮಾರಕ. ಲಿಪ್ಕೆ ಬಂದರಿನಲ್ಲಿ ದುಡಿಯುತ್ತಿದ್ದವನು. ಯುದ್ಧದ ಕಾಲದಲ್ಲಿ ಜರ್ಮನ್ ಗೋದಾಮಿನಲ್ಲಿ ಕೆಲಸ ಹಿಡಿದ. ಯಹೂದಿ ಕೂಲಿಯಾಳುಗಳನ್ನು ಘೆಟ್ಟೋದಿಂದ, ಅಂದರೆ ಅವರನ್ನು ಕೂಡಿಹಾಕಿದ್ದ ಕೇರಿಯಿಂದ, ಕರೆದುಕೊಂಡು ಬರುವ ಹೊಣೆ ಅವನದು. ಹಾಗೆ ತಂದವರಲ್ಲಿ ಕೆಲವರನ್ನು ವಾಪಸ್ ಬಿಡಲಿಲ್ಲ. ಕದ್ದು ಬಚ್ಚಿಟ್ಟ. ತನ್ನ ಸೌದೆ ಕೊಟ್ಟಿಗೆಯ ಕೆಳಗೆ ಗುಂಡಿ ತೋಡಿದ. ಅವನು ಮತ್ತು ಹೆಂಡತಿ ಜೊಹಾನ್ನ, ಇನ್ನೂ ಕೆಲವರ ಸಹಾಯದಿಂದ, ಐವತ್ತಕ್ಕೂ ಹೆಚ್ಚು ಜೀವ ಉಳಿಸಿದರು.

ಗುಂಡಿಗೆ ಇಳಿಯಲು ಬಿಡುವುದಿಲ್ಲ, ಮೇಲಿನಿಂದ ಬಗ್ಗಿ ನೋಡಬೇಕು. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ. ಗೋಡೆಗೆ ಒಂದರ ಮೇಲೊಂದು ಮಲಗುವ ಹಲಗೆ. ನಮ್ಮ ಮನೆಯ ಬಾವಿಕಟ್ಟೆ ನೆನಪಾಯಿತು. ಎಷ್ಟೋ ದೊಡ್ಡ ಮ್ಯೂಸಿಯಂಗಳಲ್ಲಿ ಕಾಲು ನೋವು ಬಂದದ್ದು ಬಿಟ್ಟರೆ ನನಗೆ ಏನೂ ಆಗಿಲ್ಲ. ಇಲ್ಲಿ ಹತ್ತು ನಿಮಿಷ ಆ ಚೌಕವನ್ನೇ ನೋಡುತ್ತಾ ನಿಂತೆ. ಕೆಮ್ಮು ಬಂದರೆ ಏನು ಮಾಡುತ್ತಿದ್ದರು ಎಂದು ಹೆಂಡತಿ ಕೇಳಿದಳು.

ಮಧ್ಯಾಹ್ನ ರಾಷ್ಟ್ರೀಯ ಗ್ರಂಥಾಲಯ. ನದಿ ದಂಡೆಯ ಮೇಲೆ ಗಾಜಿನ ಗುಡ್ಡದ ಹಾಗೆ ಎದ್ದಿದೆ, ಗುಡ್ಡ ಇಲ್ಲದ ಊರಿನಲ್ಲಿ ಅದೇ ಗುಡ್ಡ. ಬೆಳಕಿನ ಕೋಟೆ ಎಂದು ಅಡ್ಡಹೆಸರು. 2014ರ ಜನವರಿ 18ರಂದು, ಕೊರೆಯುವ ಚಳಿಯಲ್ಲಿ, ಸುಮಾರು 14 ಸಾವಿರ ಜನ ಹಳೆ ಗ್ರಂಥಾಲಯದಿಂದ ಇಲ್ಲಿಯವರೆಗೆ ಸಾಲಾಗಿ ನಿಂತು, ಸೇತುವೆ ದಾಟಿಸಿ, ಕೈಯಿಂದ ಕೈಗೆ ಪುಸ್ತಕ ಸಾಗಿಸಿದರು. ಎರಡು ಕಿಲೋಮೀಟರ್ ಸಾಲು. ಈ ಜನಕ್ಕೆ ಸಾಲು ನಿಲ್ಲುವುದು ಹೊಸದಲ್ಲ. 1989ರ ಆಗಸ್ಟ್ 23ರಂದು ತಾಲಿನ್‌ನಿಂದ ರೀಗಾ ಹಾದು ಲಿಥುವೇನಿಯಾದ ವಿಲ್ನಿಯಸ್‌ವರೆಗೆ 600 ಕಿಲೋಮೀಟರಿಗೂ ಉದ್ದಕ್ಕೆ ಮೂರೂ ದೇಶದ ಸುಮಾರು 20 ಲಕ್ಷ ಜನ ಕೈ ಕೈ ಹಿಡಿದು ನಿಂತಿದ್ದರು.

ನಾನು ನೋಡಬೇಕಿದ್ದದ್ದು ಒಂದು ಕಪಾಟು. ಕ್ರಿಶ್ಯಾನಿಸ್ ಬರೋನ್ಸ್ ಎಂಬಾತ 1880ರಲ್ಲಿ ಮಾಡಿಸಿದ್ದು. ಸಣ್ಣ ಸಣ್ಣ ಡ್ರಾಯರ್ ತುಂಬ ಜನಪದ ಹಾಡಿನ ಚೀಟಿಗಳು. ಈ ಹಾಡುಗಳಿಗೆ ದಾಯ್ನ ಎನ್ನುತ್ತಾರೆ, ಬಹಳಷ್ಟು ನಾಲ್ಕೇ ಸಾಲಿನವು. ಹಾಗೆ ಎರಡು ಲಕ್ಷಕ್ಕೂ ಹೆಚ್ಚು ಹಾಡುಗಳನ್ನು ಚೀಟಿಗಳಲ್ಲಿ ಜೋಡಿಸಿ ಸಂಪುಟಗಳಲ್ಲಿ ಅಚ್ಚು ಹಾಕಿದರು. 2001ರಲ್ಲಿ ಯುನೆಸ್ಕೊ ಈ ಕಪಾಟನ್ನು ತನ್ನ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಚೀಟಿ ಅಂದರೆ ಬೀಡಿ ಕಟ್ಟಿನ ಲೇಬಲ್ಲಿಗಿಂತ ಸ್ವಲ್ಪ ದೊಡ್ಡದು. ಬೀಸುವಾಗ ಹೇಳುವ ಹಾಡೂ ಇವೆ ಎಂದು ಮಗಳು ಹೇಳಿದಳು. ಹೆಂಡತಿಯ ಅಜ್ಜಿಗೆ ಬೀಸುವ ಪದ ಎಷ್ಟೋ ಬರುತ್ತಿದ್ದವು. "ಯಾರೂ ಚೀಟಿ ಮೇಲೆ ಬರ್ಕೊಳ್ಳಲಿಲ್ಲ" ಎಂದಳು ಅವಳು. "ನಾನೂ ಬರ್ಕೊಳ್ಳಲಿಲ್ಲ."

ಜೂನ್ 19, ಬುಧವಾರ

ಪ್ರವಾಸಿಗರು ಮೊದಲ ದಿನ ನೋಡುವುದನ್ನು ನಾವು ಕೊನೆಗೆ ನೋಡಿದೆವು. ಹಳೆ ಪಟ್ಟಣ, ಕಲ್ಲು ಹಾಸಿದ ಬೀದಿ, ಮೊಣಕಾಲಿಗೆ ಶಿಕ್ಷೆ. ಕಪ್ಪುತಲೆಯವರ ಮನೆ ಎಂಬ ವ್ಯಾಪಾರಿಗಳ ಕಟ್ಟಡ ನೋಡಲು ಬಲು ಚೆಂದ, ಆದರೆ ಅದು ನಮ್ಮ ಮಗಳಿಗಿಂತ ಕೆಲವೇ ವರ್ಷ ಹಳೆಯದು. ಮೂಲದ್ದು 1941ರಲ್ಲಿ ಬಾಂಬಿಗೆ ಹೋಯಿತು, ಉಳಿದದ್ದನ್ನು 1948ರಲ್ಲಿ ಕೆಡವಿದರು, 1999ರಲ್ಲಿ ಮತ್ತೆ ಕಟ್ಟಿ ಮುಗಿಸಿದರು. ಅಲ್ಬೆರ್ತ ಬೀದಿಯಲ್ಲಿ ಕತ್ತು ನೋಯುವವರೆಗೂ ಮೇಲೆ ನೋಡಿದೆವು. ಆರ್ಟ್ ನುವೋ ಶೈಲಿಯ ಸುಮಾರು 800 ಕಟ್ಟಡ ಈ ಊರಲ್ಲಿವೆ. ಈ ಬೀದಿಯ ಹಲವು ಮನೆಗಳನ್ನು ಮಿಖಾಯಿಲ್ ಐಸೆನ್‌ಸ್ಟೈನ್ ಎಂಬ ಎಂಜಿನಿಯರ್ ಮಾಡಿದ್ದು. ಸಿಂಹ, ನವಿಲು, ಬಾಯಿ ತೆರೆದು ಕಿರುಚುವ ಹೆಣ್ಣಿನ ಮುಖ, ಖಾಲಿ ಜಾಗವೇ ಬಿಟ್ಟಿಲ್ಲ. ನನಗೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸಿತು. ಹೆಂಡತಿಗೆ ಬೇಲೂರು ನೆನಪಾಯಿತು, ನನ್ನ ಮಾತು ನಡೆಯಲಿಲ್ಲ.

ಸಂಜೆ ಮಗಳ ಕಟ್ಟಡದ ಮೆಟ್ಟಿಲು ಹತ್ತುವಾಗ ಒಂದು ಬಾಗಿಲ ಮೇಲೆ ಎರಡು ಹೆಸರು ಕಂಡವು, ಬೇರ್ಜಿನ್ಶ್ ಮತ್ತು ಬೇರ್ಜಿನ್ಯ. "ಗಂಡ ಹೆಂಡತಿ" ಎಂದಳು ಮಗಳು. ಲಾಟ್ವಿಯಾದಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಸರ್‌ನೇಮ್ ಇದೇ. ಅರ್ಥ ಪುಟ್ಟ ಬರ್ಚ್ ಮರ. ಬೇರ್ಜ್ಸ್ ಎಂದರೆ ಬರ್ಚ್, ನಮ್ಮ ಭೂರ್ಜಪತ್ರದ ಭೂರ್ಜವೂ ಅದೇ ಪದ. ಗಂಡನದು ಸಕಾರದ ಬಾಲ, ಹೆಂಡತಿಯದು ಅಕಾರದ ಬಾಲ. ಒಂದೇ ಮನೆತನ, ಆದರೂ ಕಾಗದದಲ್ಲಿ ಇಬ್ಬರ ಹೆಸರು ಒಂದೇ ಅಲ್ಲ. "ನಮ್ಮನ್ನು ನೋಡಿ ಇಲ್ಲಿ ಯಾರೂ ಬೆರಗಾಗಲ್ಲ ಬಿಡು" ಎಂದೆ ಹೆಂಡತಿಗೆ.

ಜೂನ್ 20, ಗುರುವಾರ

ಮಾರುಕಟ್ಟೆಯ ಮುಂದೆ ಓಕ್ ಎಲೆಯ ಕಿರೀಟ, ಕಾಡು ಹೂವಿನ ಕಟ್ಟು ಮಾರಲು ಶುರು ಮಾಡಿದ್ದರು. ಜೂನ್ 23ರ ರಾತ್ರಿ ಯಾನಿ ಹಬ್ಬ. ಊರಿಗೆ ಊರೇ ಹಳ್ಳಿಗೆ ಹೋಗಿ ಬೆಂಕಿ ಹಾಕಿಕೊಂಡು, ಕಾಳು ಹಾಕಿದ ಹಳದಿ ಚೀಸ್ ತಿನ್ನುತ್ತಾ, ಸೂರ್ಯ ಹುಟ್ಟುವವರೆಗೂ ಎದ್ದಿರುತ್ತದೆ. ವರ್ಷದ ಎಲ್ಲಕ್ಕಿಂತ ದೊಡ್ಡ ಹಬ್ಬ. ನಾವು ಹೊರಡುತ್ತಿರುವುದು ಅದಕ್ಕೆ ಮೂರು ದಿನ ಮೊದಲು. ಟಿಕೆಟ್ ಮಾಡುವಾಗ ವಿಮಾನದ ಬಿಡುವಿನ ನಿಮಿಷಗಳನ್ನೆಲ್ಲ ಲೆಕ್ಕ ಹಾಕಿದೆ, ಅವರ ಪಂಚಾಂಗ ನೋಡಲಿಲ್ಲ. "ವೀರ" ಎಂದಳು ಹೆಂಡತಿ.

ಗೇಟಿನಲ್ಲಿ ಕೂತಿದ್ದಾಗ ನನ್ನ ಹೆಸರು ಮೈಕಿನಲ್ಲಿ ಕೇಳಿತು. ಎರಡು ಸಲ. ಎದೆ ಧಸಕ್ಕೆಂದಿತು. ಎದ್ದು ಓಡಿದೆ. ಕಾಗದ ಪತ್ರ ನೋಡಬೇಕಿತ್ತಂತೆ. ಕೌಂಟರಿನಾಕೆ ನನ್ನ ಪಾಸ್‌ಪೋರ್ಟನ್ನೂ ಹೆಂಡತಿಯದನ್ನೂ ಪಕ್ಕ ಪಕ್ಕ ಇಟ್ಟು, ನನ್ನ ಟಿಕೆಟ್ಟಿನ ಎರಡು ಹೆಸರಿನ ಮೇಲೆ ಪೆನ್ನಿನ ತುದಿ ಇಟ್ಟಳು. "ಇದು ನಿಮ್ಮ ಹೆಸರು, ಇದು ಮನೆತನದ ಹೆಸರು?"

"ಎರಡೂ ನಾನೇ."

ಆಕೆ ಹೆಂಡತಿಯ ಪಾಸ್‌ಪೋರ್ಟಿನ ಸರ್‌ನೇಮ್ ಮೇಲೆ ಪೆನ್ನು ಇಟ್ಟಳು. "ಇದು?"

"ಅದೂ ನಾನೇ."

ಆಕೆ ನಗಲಿಲ್ಲ. ತಲೆಯಾಡಿಸಿ ಎರಡನ್ನೂ ವಾಪಸ್ ಕೊಟ್ಟಳು. ಪಾಸ್‌ಪೋರ್ಟಿನೊಳಗೆ ಮಡಚಿಟ್ಟಿದ್ದ ಕಾಫಿ ಕಪ್ಪಿಗೆ ಸುತ್ತಿದ್ದ ರಟ್ಟು ಜಾರಿ ನೆಲಕ್ಕೆ ಬಿತ್ತು. ಹೆಂಡತಿ ಎತ್ತಿಕೊಂಡು, ಆ 'ಸ್' ನೋಡಿ, ಏನೂ ಹೇಳದೆ ತನ್ನ ಚೀಲಕ್ಕೆ ಹಾಕಿಕೊಂಡಳು.